ಕಂಪನಿ ಆ್ಯಪಲ್ಲಿ ನಮಗೆ ಎಂತ ಬೇಕು? ಆಫೀಸಿಗೆ ಪಟ್ಟಿ ಕೊಡ್ಲಿಕ್ಕುಂಟು

ಗಮ್‌ಬೂಟ್ (ಮಲ್ಪೆ ಸೈಡ್)

ನಮಸ್ಕಾರ ಎಲ್ರಿಗೂ. ನಾನು ಮಲ್ಪೆ ಹತ್ರ ಒಂದು ಮೀನು ಪ್ರೊಸೆಸಿಂಗ್ ಕಂಪನಿಯಲ್ಲಿ ಶಿಫ್ಟ್ ಸೂಪರ್‌ವೈಸರ್, ಕಂಪನಿ ಹೆಸರು ಕೇಳ್ಬೇಡಿ. ಎರಡು ವರ್ಷದ ಹಿಂದೆ ನಮ್ಮಲ್ಲಿ ಒಂದು ಆ್ಯಪ್ ತಂದ್ರು, ಹಾಜರಿ, ರಜೆ, ಸಂಬಳದ ಸ್ಲಿಪ್ ಎಲ್ಲ ಇನ್ನು ಅದ್ರಲ್ಲೇ ಅಂತ. ಜೊತೆಗೆ ದಿನಕ್ಕೊಂದು ಸುಭಾಷಿತ, ಹುಟ್ಟಿದಹಬ್ಬಕ್ಕೆ ಕೇಕಿನ ಚಿತ್ರ, ಕ್ವಿಜ್, ಕ್ವಿಜ್ಜಿಗೆ ಪಾಯಿಂಟ್ಸ್, ಪಾಯಿಂಟ್ಸ್ ಜಾಸ್ತಿ ಆದ್ರೆ ಬ್ಯಾಡ್ಜ್. ಈಗ ಆಫೀಸಿನವ್ರ ತಕರಾರು ಎಂತಂದ್ರೆ ಜನ ಪಂಚ್ ಮಾಡ್ಲಿಕ್ಕೆ ಮಾತ್ರ ಓಪನ್ ಮಾಡ್ತಾರೆ, ಮತ್ತೆ ಮುಟ್ಟುದೇ ಇಲ್ಲ, ಎಂಗೇಜ್‌ಮೆಂಟ್ ಬಿದ್ದುಹೋಗಿದೆ ಅಂತ. ಆ್ಯಪ್ ಹೊಸದು ಮಾಡಿಸ್ತಾರಂತೆ, "ನೀನು ಕೆಳಗಿನವ್ರ ಹತ್ರ ಕೇಳಿ ಒಂದು ಪಟ್ಟಿ ಮಾಡು" ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಮ್ಯಾನೇಜರ ಐಡಿಯಾ ಮೊದ್ಲೇ ರೆಡಿ ಉಂಟು, ಸೆಲ್ಫಿ ಕಾಂಪಿಟೇಶನ್.

ಇಲ್ಲಿ ಹಾಕ್ಲಿಕ್ಕೆ ಕಾರಣ ಹೋದ ತಿಂಗಳು ಗೇಟ್ ಹತ್ರ ಕಂಡದ್ದು. ಬೊಂಡಾಸ್ (ಸ್ಕ್ವಿಡ್) ಕ್ಲೀನಿಂಗ್ ಸೆಕ್ಷನಿನ ಒಬ್ರು ಅಕ್ಕ, ಐವತ್ತು ದಾಟಿದವ್ರು, ಶಿಫ್ಟ್ ಬಿಟ್ಟು ಲಾಕರಿಂದ ಫೋನ್ ತೆಗ್ದು ಸಂಬಳದ ಸ್ಲಿಪ್ ಓಪನ್ ಮಾಡಿದ್ರು. ಪಿಡಿಎಫ್ಪು. ಅಡ್ಡ ಹಾಳೆಯನ್ನು ಉದ್ದದ ಸ್ಕ್ರೀನಿಗೆ ತುರುಕಿದ್ದು, ಅಕ್ಷರ ಇರುವೆ ಸಾಲಿನ ಹಾಗೆ, ಅದೂ ಇಂಗ್ಲಿಷಲ್ಲಿ. ದೊಡ್ಡ ಮಾಡ್ಲಿಕ್ಕೆ ಹೋದ್ರೆ ಎಂಟು ಗಂಟೆ ನೀರಲ್ಲಿ ಐಸಲ್ಲಿ ಇದ್ದ ಬೆರಳು, ಸ್ಕ್ರೀನ್ ತಗೊಳ್ಳುದಿಲ್ಲ. ಕಡೆಗೆ ಪಕ್ಕದ ಹುಡುಗಿಯ ಫೋನಲ್ಲಿ ತನ್ನ ಸ್ಕ್ರೀನಿನ ಫೋಟೋ ತೆಗೆಸಿ, ಆ ಫೋಟೋವನ್ನು ದೊಡ್ಡ ಮಾಡಿಸಿ, ಅವಳ ಹತ್ರ ಓದಿಸಿಕೊಂಡ್ರು. ಓದಿದ ಮೇಲೆ ಗೊತ್ತಾದದ್ದು ಎರಡು ದಿನದ ಸಂಬಳ ಕಟ್. ಮನೆಯಲ್ಲಿ ಕೋಲ ಇತ್ತು, ಹತ್ತು ದಿನ ಮೊದ್ಲೇ ಆ್ಯಪಲ್ಲಿ ರಜೆ ಹಾಕಿದ್ರು, ಅದು ಹಳದಿ ಬಣ್ಣದಲ್ಲಿ "ಪೆಂಡಿಂಗ್" ಅಂತ ಕೂತಿತ್ತು ಅಷ್ಟೆ. ಓಕೆ ಮಾಡ್ಬೇಕಾದವ ನಾನಲ್ಲ, ಮೇಲಿನವ್ರು, ಅವ್ರು ಊರಲ್ಲಿರ್ಲಿಲ್ಲ. ದೈವ ಎಂತ, ನಿಮ್ಮ ಪೆಂಡಿಂಗ್ ಮುಗಿಯುವ ವರೆಗೆ ಕಾಯ್ತದಾ?

ನಮ್ಮ ಲೆಕ್ಕ ಎಲ್ಲ ಆಫೀಸಿಗೆ ಹೋಗ್ತದೆ, ಆಫೀಸಿನ ಲೆಕ್ಕ ಮಾತ್ರ ನಮಗೆ ಬರುದಿಲ್ಲ, ಈ ಆ್ಯಪಿನ ಕತೆ ಇಷ್ಟೇ ಅಂತ ನನಗೆ ಕಾಣ್ತದೆ. ನಿಮ್ಮ ನಿಮ್ಮಲ್ಲಿ ಹೇಗುಂಟು, ಎಂತ ಬದಲಾದ್ರೆ ಒಳ್ಳೇದು, ಬೇರೆ ಬೇರೆ ಕೆಲಸದವ್ರು ಬರೀರಿ.


ಎಚ್‌ಆರ್ ಅಂತ ಬೈಬೇಡಿ (ಬೈಕಂಪಾಡಿ)

ಅಣ್ಣ, ನಾನು ಆಚೆ ಬದಿಯವಳು, ಆದ್ರೂ ಬರೀತೇನೆ.

ಇಂಥ ಆ್ಯಪನ್ನು ಹೆಚ್ಚಿನವ್ರು ಮಾಡಿಸುದಲ್ಲ, ಬಾಡಿಗೆಗೆ ತರುದು, ತಲೆಗೆ ತಿಂಗಳಿಗೆ ಇಷ್ಟು ಅಂತ. ಮಾರ್ಲಿಕ್ಕೆ ಬಂದವ ಮೊದ್ಲು ತೋರಿಸುದು ಡ್ಯಾಶ್‌ಬೋರ್ಡ್, ದಿನಕ್ಕೆ ಎಷ್ಟು ಜನ ಓಪನ್ ಮಾಡಿದ್ರು, ಎಷ್ಟು ನಿಮಿಷ ಇದ್ರು ಅಂತ. ಮೀಟಿಂಗಲ್ಲಿ ಆ ಗ್ರಾಫ್ ಮೇಲೆ ಹೋದ್ರೆ ಎಲ್ರಿಗೂ ಖುಷಿ. ಅದಕ್ಕೇ ಸುಭಾಷಿತ, ಅದಕ್ಕೇ ಕ್ವಿಜ್. ಆದ್ರೆ ಕೆಲಸದ ಆ್ಯಪಲ್ಲಿ ಒಬ್ಬ ಇಪ್ಪತ್ತು ನಿಮಿಷ ಇದ್ದಾನೆ ಅಂದ್ರೆ ಅವನಿಗೆ ಬೇಕಾದ್ದು ಸಿಗ್ತಾ ಇಲ್ಲ ಅಂತ ಅರ್ಥ ಅಲ್ವಾ. ಬಂದ, ನೋಡಿದ, ಹೋದ, ಅದು ಒಳ್ಳೆ ಆ್ಯಪ್. ಲೆಕ್ಕ ಹಾಕುದಾದ್ರೆ ಬೇರೆ ಹಾಕ್ಬೇಕು, ರಜೆ ಅರ್ಜಿಗೆ ಎಷ್ಟು ದಿನದಲ್ಲಿ ಉತ್ತರ ಹೋಯ್ತು, ದೂರು ಎಷ್ಟು ದಿನ ಬಾಕಿ ಇತ್ತು, ಸಂಬಳ ಆದ ಮರುದಿನ ನಮ್ಮ ಕೌಂಟರಲ್ಲಿ ಕ್ಯೂ ಎಷ್ಟು ಉದ್ದ. ಆ ಕ್ಯೂ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಸತ್ಯ ಹೇಳುವ ಗ್ರಾಫ್.

ನಮ್ಮಲ್ಲಿ ಹೋರಾಡಿ ಒಂದು ಬದಲಾವಣೆ ಮಾಡಿಸಿದೆ. ಓಪನ್ ಮಾಡಿದ ಕೂಡ್ಲೆ ನಾಲ್ಕೇ ಸಂಗತಿ, ಉಳಿದ ರಜೆ ಎಷ್ಟು, ನಾಳೆ ಶಿಫ್ಟ್ ಎಷ್ಟು ಗಂಟೆಗೆ, ಕಳೆದ ಸಂಬಳ ಎಷ್ಟು ಯಾವ ತಾರೀಕಿಗೆ, ಸಂಶಯ ಇದ್ರೆ ಯಾರಿಗೆ ಫೋನ್ ಮಾಡುದು. ಉಳಿದದ್ದೆಲ್ಲ ಒಳಗೆ. ರಜೆ ಬರೀ ನಂಬರಲ್ಲ, ಎಲ್ಲಿಂದ ಬಂತು ಅಂತ್ಲೂ ಕಾಣ್ಬೇಕು, ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ ಅನ್ನುದೇ ಸುಮಾರು ಜನಕ್ಕೆ ಗೊತ್ತಿಲ್ಲ. ಇನ್ನೊಂದು, 2025ರಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 1 ದಿನ ಸಂಬಳಸಹಿತ ಮುಟ್ಟಿನ ರಜೆ ಅಂತ ಮಾಡಿತಲ್ಲ, ನಾನು ನೋಡಿದ ಆ್ಯಪಲ್ಲಿ ರಜೆಯ ಲಿಸ್ಟಿಗೆ ಅದು ಬಂದೇ ಇರ್ಲಿಲ್ಲ, ಲಿಸ್ಟಲ್ಲಿ ಇಲ್ದಿದ್ರೆ ಯಾವ ಹುಡುಗಿ ಬಾಯಿಬಿಟ್ಟು ಕೇಳ್ತಾಳೆ ಹೇಳಿ.


ಸಿಪ್ಪೆ ಸುಲಿಯುವವಳು (ಕಾರ್ಕಳ)

ನಾನು ಗೇರುಬೀಜ ಫ್ಯಾಕ್ಟರಿ. ನಮ್ಮಲ್ಲಿ ಮೊದ್ಲು ಬೆರಳು ಒತ್ತುವ ಮಿಷನ್ ಇತ್ತು. ಕಟ್ಟಿಂಗ್ ಸೆಕ್ಷನಿನವ್ರ ಬೆರಳು ಅದಕ್ಕೆ ಗುರ್ತವೇ ಸಿಕ್ತಿರ್ಲಿಲ್ಲ ಯಾಕಂದ್ರೆ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡ್ತದೆ, ಬೂದಿ ಹಚ್ಚಿಕೊಂಡ್ರೂ ಎಣ್ಣೆ ಹಚ್ಚಿಕೊಂಡ್ರೂ ಬೆರಳ ತುದಿ ಕಪ್ಪಾಗಿ ಸುಲಿದು ಹೋಗಿರ್ತದೆ, ರೇಖೆ ಎಲ್ಲಿಂದ ಬರ್ಬೇಕು. ಬೆಳಿಗ್ಗೆ ಕ್ಯೂ ನಿಂತು ಒತ್ತು, ಒರಸು, ಒತ್ತು, ಒರಸು. ಎಂಟು ಗಂಟೆ ಕಳೀತು ಅಂದ್ರೆ ಲೇಟ್ ಅಂತ ಬೀಳ್ತದೆ. ಕೆಲಸ ಮಾಡಿ ಮಾಡಿ ಬೆರಳು ಹೋದವ್ರಿಗೇ ಲೇಟ್ ಮಾರ್ಕು!

ಆಮೇಲೆ ಮುಖ ತೋರಿಸುವ ಆ್ಯಪ್ ಬಂತು. ಅದು ಪರವಾಗಿಲ್ಲ. ಆದ್ರೆ ಫ್ಯಾಕ್ಟರಿ ಒಳಗೆ ಶೀಟಿನ ಮಾಡು, "ನೀವು ಕೆಲಸದ ಜಾಗದಲ್ಲಿ ಇಲ್ಲ" ಅಂತ ಬರ್ತದೆ, ಹಾಗಾಗಿ ಎಲ್ರೂ ಅಂಗಳಕ್ಕೆ ಬಂದು ಫೋನ್ ಮೇಲೆ ಎತ್ತಿ ಹಿಡ್ಕೊಂಡು ನಿಲ್ಲುದು, ಆಟಿ ತಿಂಗಳ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ ಒಂದು ಕೈಯಲ್ಲಿ ಫೋನು, ನೋಡಿದವ್ರು ಎಂತ ಪೂಜೆ ಅಂತ ಕೇಳ್ಬೇಕು.

ನನಗೆ ಬೇಕಾದ್ದು ಒಂದೇ. ನಮ್ಮದು ಕಿಲೋ ಲೆಕ್ಕದ ಕೂಲಿ. ಸುಲಿದದ್ದು ತೂಗಿ ಮೇಸ್ತ್ರಿ ಪುಸ್ತಕದಲ್ಲಿ ಬರೀತಾರೆ, ನಾನು ನನ್ನ ಸಣ್ಣ ಪುಸ್ತಕದಲ್ಲಿ ಬರೀತೇನೆ, ತಿಂಗಳ ಕಡೆಗೆ ಎರಡೂ ಒಂದೇ ಆಗುದು ಕಡಿಮೆ. ತೂಗಿದ ಕೂಡ್ಲೆ ನನ್ನ ಫೋನಿಗೆ "ಇವತ್ತು ಇಷ್ಟು ಕಿಲೋ, ತುಂಡು ಇಷ್ಟು" ಅಂತ ಬಂದ್ರೆ ಆಯ್ತು. ತಪ್ಪಿದ್ರೆ ಆ ಹೊತ್ತಿಗೇ ತಕ್ಕಡಿ ಎದುರೇ ಹೇಳ್ಬಹುದು. ಒಂದು ತಿಂಗಳು ಕಳೆದ ಮೇಲೆ ಹೇಳಿದ್ರೆ ಯಾರಿಗೆ ನೆನಪಿರ್ತದೆ, ಜಗಳ ಮಾತ್ರ ಆಗುದು. ಕ್ವಿಜ್ ಎಲ್ಲ ಆಡುವವ್ರು ಆಡ್ಲಿ, ನನಗೆ ತೂಕ ಸಾಕು.


ಗಮ್‌ಬೂಟ್

ಅಕ್ಕ ಇದು ನಂಬರ್ ಒನ್ ಆಗಿ ಪಟ್ಟಿಗೆ ಹೋಯ್ತು. ನಮ್ಮಲ್ಲೂ ಕ್ಲೀನಿಂಗ್‌ನವ್ರಿಗೆ ಟ್ರೇ ಲೆಕ್ಕ ಉಂಟು.


ಕೋಡ್ ಕುಟ್ಟುವವ (ಮಂಗ್ಳೂರು)

ನಾನು ಇಂಥದ್ದೇ ಆ್ಯಪ್ ಬರೆಯುವ ಕೆಲಸದಲ್ಲಿ ಇದ್ದವ, ಅರ್ಧ ಪಾಪ ನಮ್ಮ ತಲೆಗೇ ಬರ್ಲಿ.

ಲೊಕೇಶನ್ ವಿಷಯ ಹೇಳ್ತೇನೆ. ಜಿಪಿಎಸ್ ಅಂದ್ರೆ ಉಪಗ್ರಹದ ಸಿಗ್ನಲ್ಲು, ತೆರೆದ ಆಕಾಶದ ಕೆಳಗೆ ಒಳ್ಳೆ ಫೋನ್ ಐದಾರು ಮೀಟರ್ ವ್ಯತ್ಯಾಸದಲ್ಲಿ ಜಾಗ ಹೇಳ್ತದೆ. ಕಬ್ಬಿಣದ ಶೀಟಿನ ಕೆಳಗೆ ಆ ಸಿಗ್ನಲ್ ಸರಿಯಾಗಿ ಬರುದಿಲ್ಲ, ಆಗ ಫೋನು ಮೊಬೈಲ್ ಟವರ್ ನೋಡಿ ಅಂದಾಜು ಹಾಕ್ತದೆ, ಆ ಅಂದಾಜು ನೂರಾರು ಮೀಟರ್ ಆಚೆ ಈಚೆ ಹೋಗ್ತದೆ. ಆಫೀಸಲ್ಲಿ ಕೂತವ ಮ್ಯಾಪಲ್ಲಿ ಗೇಟಿನ ಸುತ್ತ 50 ಮೀಟರಿಗೆ ಒಂದು ಚಂದದ ಗೋಲ ಎಳೆದ್ರೆ ಅರ್ಧ ಫ್ಯಾಕ್ಟರಿ ಅದ್ರ ಹೊರಗೆ. ನೌಕರ ಸುಳ್ಳು ಹೇಳಿದ್ದಲ್ಲ, ಗೋಲ ಸಣ್ಣ ಆದದ್ದು. ಗೋಲ ದೊಡ್ಡ ಮಾಡಿ, ಇಲ್ಲ ಗೇಟಲ್ಲಿ ಒಂದು ಕ್ಯೂಆರ್ ಅಂಟಿಸಿ, ಇಲ್ಲ ಫ್ಯಾಕ್ಟರಿಯ ವೈಫೈ ಸಿಕ್ಕಿದ್ರೆ ಸಾಕು ಅಂತ ಮಾಡಿ. ಮೀನು ಫ್ಯಾಕ್ಟರಿಯಲ್ಲಿ ಫೋನ್ ಒಳಗೆ ತಗೊಂಡು ಹೋಗ್ಲಿಕ್ಕೇ ಬಿಡುದಿಲ್ಲ ಅಲ್ವಾ, ಹಾಗಾದ್ರೆ ಗೇಟಲ್ಲಿ ಕಂಪನಿಯದ್ದೇ ಒಂದು ಟ್ಯಾಬ್ ಇಡ್ಲಿ, ಅವ್ರ ಫೋನು ಯಾಕೆ ಬೇಕು?

ಎರಡನೇದು ನೆಟ್‌ವರ್ಕ್. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದ್ರೆ ಇಡೀ ಊರಿಗೆ ಸಿಗ್ನಲ್ ಇಲ್ಲ. ಆಗ ಪಂಚ್ ಮಾಡಿದ್ರೆ ಸುತ್ತು ತಿರುಗ್ತಾ ಇರ್ತದೆ. ಪಂಚ್ ಮೊದ್ಲು ಫೋನಲ್ಲೇ ಉಳೀಬೇಕು, ನೆಟ್ ಬಂದಾಗ ತಾನಾಗಿ ಹೋಗ್ಬೇಕು, "ಉಳಿಸಿದೆ, ಇನ್ನೂ ಕಳಿಸಿಲ್ಲ" ಅಂತ ನೌಕರನಿಗೆ ಕಾಣ್ಬೇಕು. ಇದಕ್ಕೆ ಮ್ಯಾನೇಜರುಗಳು ಹೇಳುದು, ಜನ ಫೋನಿನ ಟೈಮ್ ಹಿಂದೆ ತಿರುಗಿಸಿ ಮೋಸ ಮಾಡ್ತಾರೆ ಅಂತ. ಅದಕ್ಕೂ ದಾರಿ ಉಂಟು. ಫೋನಲ್ಲಿ ನಾವು ಕಾಣುವ ಗಡಿಯಾರ ಬಿಟ್ಟು ಇನ್ನೊಂದು ಉಂಟು, ಫೋನ್ ಆನ್ ಆದಲ್ಲಿಂದ ಎಷ್ಟು ಹೊತ್ತಾಯ್ತು ಅಂತ ಎಣಿಸುವಂಥದ್ದು, ಅದನ್ನು ಸೆಟ್ಟಿಂಗಲ್ಲಿ ತಿರುಗಿಸ್ಲಿಕ್ಕೆ ಆಗುದಿಲ್ಲ. ಪಂಚ್ ಆಗುವಾಗ ಎರಡನ್ನೂ ಬರೆದಿಟ್ಟರೆ ಆಮೇಲೆ ಸರ್ವರಿಗೆ ಸಿಕ್ಕಿದಾಗ ತಾಳೆ ನೋಡ್ಬಹುದು. ನಡುವೆ ಫೋನ್ ಆಫ್ ಆಗಿ ಆನ್ ಆದ್ರೆ ಮಾತ್ರ ಆ ಲೆಕ್ಕ ತಪ್ಪುದು, ಅಂಥದ್ದನ್ನು ಸೂಪರ್‌ವೈಸರ್ ನೋಡಿ ಓಕೆ ಮಾಡ್ಲಿ. ಕಷ್ಟದ ಕೆಲಸ ಎಂತದೂ ಅಲ್ಲ, ಯಾರೂ ಕೇಳುದಿಲ್ಲ ಹಾಗಾಗಿ ಯಾರೂ ಮಾಡುದಿಲ್ಲ.

ಮತ್ತೆ ಕನ್ನಡ. ಇಂಗ್ಲಿಷಿನ "ಲೀವ್" ಇಡುವಷ್ಟು ಬಟನ್ ಮಾಡಿ ಅದ್ರೊಳಗೆ "ರಜೆಗೆ ಅರ್ಜಿ ಸಲ್ಲಿಸಿ" ಅಂತ ತುರುಕಿದ್ರೆ "ರಜೆಗೆ ಅರ್..." ಅಂತ ಕತ್ತರಿಸಿಹೋಗ್ತದೆ. ಕೆಳಗಿನ ಒತ್ತಕ್ಷರವೂ ಅರ್ಧ ಮಾಯ. ಮೆಷಿನ್ ಅನುವಾದ ಹಾಕಿದ್ದೊಂದು ಆ್ಯಪಲ್ಲಿ "ಲೀವ್ ಬ್ಯಾಲೆನ್ಸ್" ಅಂದ್ರೆ "ಸಮತೋಲನ ಬಿಡಿ" ಅಂತ ಇತ್ತು, ನಾನೇ ಕಣ್ಣಾರೆ ನೋಡಿದ್ದು 😀


ಕುಂದಾಪ್ರದ್ ಸೇಲ್ಸ್

ಹ್ವಾಯ್, ಸಮತೋಲನ ಬಿಟ್ಟೇ ಕೆಲ್ಸ ಮಾಡುದ್ ನಾವ್ 😂 ನಂದ್ ಸೇಲ್ಸ್. ಬೈಂದೂರಿಂದ ಪಡುಬಿದ್ರಿ ವರೆಗೆ ಬೈಕಂಗೆ ತಿರ್ಗುದ್. ಫೋನ್ ನಂದು, ಡೇಟಾ ನಂದು, ಬ್ಯಾಟ್ರಿ ನಂದು, ಲೊಕೇಶನ್ ಮಾತ್ರ ಕಂಪನಿದ್. ದಿನ ಇಡೀ ಆನ್ ಇಡ್ಕಂಬ್ರು. ಮಧ್ಯಾಹ್ನ ಎರಡ್ ಗಂಟಿಗೆ ಫೋನ್ ಸತ್ತ್ ಬೀಳತ್ತ್, ಪವರ್ ಬ್ಯಾಂಕ್ ಕೂಡ ನಾನೇ ತಕಂಡದ್ದ್. ಒಂದ್ ಆದಿತ್ಯವಾರ ಹೆಂಡ್ತಿ ಮನಿಗೆ ಹೋದಲ್ಲಿ ಬಾಸ್ ಫೋನ್ ಮಾಡಿ "ಎಂತ, ಸಿದ್ದಾಪುರದಲ್ಲಿದ್ದೀರಾ" ಅಂತ ಕೇಂಡ್ರ್. ಊಟಕ್ಕೆ ಕೂಕಂಡಿದ್ದೆ ಮರಾಯ್ರೆ. ಮಾವ ಎದ್ರಂಗೇ ಇದ್ರ್. ಮರ್ಯಾದಿ ಹೋಯ್ತ್.


ಕೋಡ್ ಕುಟ್ಟುವವ

ಅದಕ್ಕೆ ಈಗ್ಲೇ ಮಾಡ್ಬಹುದಾದ್ದು ಉಂಟು. ಆಂಡ್ರಾಯ್ಡ್ 10ರಿಂದ ಲೊಕೇಶನ್ ಕೇಳುವಾಗ "ಆ್ಯಪ್ ಬಳಸುವಾಗ ಮಾತ್ರ" ಅಂತ ಆಯ್ಕೆ ಬರ್ತದೆ, 12ರಿಂದ ನಿಖರ ಜಾಗ ಬೇಡ ಅಂದಾಜು ಸಾಕು ಅಂತ್ಲೂ ಕೊಡ್ಬಹುದು. ಆದ್ರೆ ಕಂಪನಿ ಆ್ಯಪು ಅದಕ್ಕೆ ಒಪ್ಪದೆ "ಯಾವಾಗ್ಲೂ" ಕೊಡದಿದ್ರೆ ಮುಂದೆ ಹೋಗುದೇ ಇಲ್ಲ ಅಂತ ಮಾಡಿಟ್ಟಿರ್ತಾರೆ. ಸರಿಯಾದ್ದು ಎಂತಂದ್ರೆ ಪಂಚ್ ಇನ್ ಆದಲ್ಲಿಂದ ಪಂಚ್ ಔಟ್ ವರೆಗೆ ಮಾತ್ರ, ಅದೂ ಅಂಗಡಿಗೆ ಭೇಟಿ ಕೊಟ್ಟಾಗ ನೀವೇ ಒತ್ತಿದ್ರೆ ಸಾಕು. ಬ್ಯಾಟರಿಯೂ ಉಳೀತದೆ.


ನೈಟ್ ಡ್ಯೂಟಿ (ಮಂಗ್ಳೂರು)

ನಾನು ಸ್ಟಾಫ್ ನರ್ಸ್. ನಮ್ಮಲ್ಲಿ ಆ್ಯಪೂ ಉಂಟು, ವಾಟ್ಸ್ಆ್ಯಪ್ ಗ್ರೂಪೂ ಉಂಟು, ಗೋಡೆಗೆ ಅಂಟಿಸಿದ ಡ್ಯೂಟಿ ಲಿಸ್ಟೂ ಉಂಟು, ಮೂರ್ರಲ್ಲಿ ಮೂರು ನಮೂನೆ. ನಿಜವಾದ್ದು ಯಾವುದು ಅಂತ ನೈಟ್ ಇನ್‌ಚಾರ್ಜ್ ಸಿಸ್ಟರಿಗೆ ಫೋನ್ ಮಾಡಿಯೇ ಕೇಳುದು.

ಡ್ಯೂಟಿ ಅದಲು ಬದಲು ಮಾಡ್ಲಿಕ್ಕೆ ಆ್ಯಪಲ್ಲಿ ಬರ್ಬೇಕು. ಈಗ ಹೇಗಂದ್ರೆ ಮೋಂತಿ ಹಬ್ಬಕ್ಕೆ ನನಗೆ ರಜೆ ಬೇಕು, ಅಷ್ಟಮಿಗೆ ಅವಳಿಗೆ ಬೇಕು, ನಾವಿಬ್ರೂ ಕ್ಯಾಂಟೀನಲ್ಲಿ ಮಾತಾಡಿ ಒಪ್ಪಿದೆವು, ಆದ್ರೂ ಒಂದು ಫಾರ್ಮ್, ಎರಡು ಸಹಿ, ಇನ್‌ಚಾರ್ಜ್ ರೌಂಡ್ಸಲ್ಲಿ. ನಾನು ಒತ್ತುದು, ಅವಳು ಒಪ್ಪುದು, ಇನ್‌ಚಾರ್ಜ್ ಓಕೆ ಮಾಡುದು, ಲಿಸ್ಟ್ ಬದಲಾಗುದು, ಅಷ್ಟಾದ್ರೆ ಪುಣ್ಯ. ಮತ್ತೆ ಡ್ಯೂಟಿ ಬದಲಾದ್ರೆ ಯಾರು ಯಾವಾಗ ಬದಲಿಸಿದ್ದು ಅಂತ ಉಳೀಬೇಕು. ರಾತ್ರಿ ಹನ್ನೊಂದಕ್ಕೆ ಬದಲಿಸಿ ಬೆಳಿಗ್ಗೆ "ನೀವು ನೋಡ್ಲಿಲ್ವಾ" ಅಂತ ಕೇಳುದು ನಿಲ್ಲಬೇಕು.

ನೋಟಿಫಿಕೇಶನ್ ಬಗ್ಗೆ ಹೇಳಿದ್ರೆ ಮಂಡೆ ಬಿಸಿ ಆಗ್ತದೆ. ಹನ್ನೆರಡು ಗಂಟೆ ನೈಟ್ ಮುಗಿಸಿ ಬಸ್ಸಲ್ಲಿ ನಿಂತ್ಕೊಂಡು ಬಂದು ಮಲಗಿದ್ರೆ ಹತ್ತು ಗಂಟೆಗೆ ಟಿಂಗ್ ಅಂತ, "ಗುಡ್ ಮಾರ್ನಿಂಗ್! ನಿದ್ರೆಯ ಮಹತ್ವ ನಿಮಗೆ ಗೊತ್ತೇ?" ಸತ್ಯವಾಗಿ ಬಂದದ್ದು. ಆ್ಯಪಿಗೆ ನನ್ನ ಡ್ಯೂಟಿ ಗೊತ್ತುಂಟು, ನಾನು ಮಲಗುವ ಹೊತ್ತು ಯಾವುದು ಅಂತ್ಲೂ ಗೊತ್ತಿರ್ಬೇಕಲ್ಲ. ಕೋಪದಲ್ಲಿ ನೋಟಿಫಿಕೇಶನೇ ಬಂದ್ ಮಾಡಿದೆ, ಆಮೇಲೆ ನಿಜವಾದ ಡ್ಯೂಟಿ ಬದಲಾದದ್ದೂ ಗೊತ್ತಾಗ್ಲಿಲ್ಲ.

ಇನ್ನೊಂದು, ವಾರಕ್ಕೊಮ್ಮೆ "ಇವತ್ತು ಹೇಗನ್ನಿಸ್ತಿದೆ" ಅಂತ ಐದು ಮುಖ ತೋರಿಸ್ತದೆ, ನಗುವುದರಿಂದ ಅಳುವುದರ ವರೆಗೆ. ಹೆಸರು ಯಾರಿಗೂ ಕಾಣುದಿಲ್ಲ ಅಂತ ಬರೆದಿದೆ. ನಮ್ಮ ವಾರ್ಡಲ್ಲಿ ಒಟ್ಟು ಏಳು ಜನ, ಒಬ್ಳು ಅಳುವ ಮುಖ ಒತ್ತಿದ್ಲು, ಸಂಜೆಯೊಳಗೆ ಯಾರು ಅಂತ ಎಲ್ರಿಗೂ ಗೊತ್ತು. ಈಗ ಏಳು ಜನವೂ ನಗುವ ಮುಖ. ಮ್ಯಾನೇಜ್‌ಮೆಂಟಿಗೆ ಭಾರೀ ಸಂತೋಷ.


ಎಚ್‌ಆರ್ ಅಂತ ಬೈಬೇಡಿ

ಅಯ್ಯೋ ಸಿಸ್ಟರ್, ಇದು ನಮ್ಮಲ್ಲೂ ಆದದ್ದೇ. ಸಣ್ಣ ಸಣ್ಣ ಗುಂಪಿನ ಉತ್ತರ ಬೇರೆ ಬೇರೆ ತೋರಿಸ್ಲೇಬಾರದು, ಇಡೀ ಬಿಲ್ಡಿಂಗಿನದ್ದು ಒಟ್ಟಿಗೆ ತೋರಿಸ್ಬೇಕು. ಮತ್ತೆ ಕೇಳಿದ ಮೇಲೆ ಎಂತಾದ್ರೂ ಮಾಡ್ಬೇಕು, ಸುಮ್ಮನೆ ವಾರ ವಾರ ಕೇಳಿದ್ರೆ ಗಾಯ ನೋಡಿ ಮದ್ದು ಹಾಕದೆ ಹೋದ ಹಾಗೆ.


ಹಂಚಿನ ಮನೆ (ಮಂಗ್ಳೂರು)

ನಾನು ನಿವೃತ್ತ, ಹಂಚಿನ ಕಾರ್ಖಾನೆಯಲ್ಲಿ ಸುಮಾರು ವರ್ಷ ದುಡಿದವ, ಯೂನಿಯನಲ್ಲೂ ಇದ್ದೆ. ನಮ್ಮ ಕಾಲದಲ್ಲಿ ಕಂಪ್ಲೇಂಟ್ ಪೆಟ್ಟಿಗೆ ಅಂತ ತಗಡಿನದ್ದು ಒಂದು ಇತ್ತು, ಅದ್ರ ಬೀಗದ ಕೈ ಯಾರ ಮೇಲೆ ಕಂಪ್ಲೇಂಟೋ ಅವ್ರ ಕಿಸೆಯಲ್ಲೇ ಇರ್ತಿತ್ತು. ಈಗ ಮಗ ಅವನ ಕಂಪನಿ ಆ್ಯಪ್ ತೋರಿಸಿದ, ದೂರು ಅಂತ ಒತ್ತಿದ್ರೆ ನೇರ ಅವನ ಸೂಪರ್‌ವೈಸರಿಗೆ ಹೋಗ್ತದೆ. ಪೆಟ್ಟಿಗೆ ಅದೇ, ತಗಡು ಮಾತ್ರ ಇಲ್ಲ.

ದೂರು ಕೊಟ್ಟರೆ ನಂಬರ್ ಬರ್ಬೇಕು, ತಾರೀಕು ಬರ್ಬೇಕು, ಈಗ ಯಾರ ಟೇಬಲಲ್ಲಿ ಉಂಟು ಅಂತ ಕಾಣ್ಬೇಕು. ಹೆಣ್ಣುಮಕ್ಕಳ ಲೈಂಗಿಕ ಕಿರುಕುಳದ ದೂರು ಬೇರೆಯೇ ದಾರಿಯಲ್ಲಿ ಹೋಗ್ಬೇಕು, ಅದು ಮ್ಯಾನೇಜರಿಗೆ ಹೋಗುವಂಥದ್ದಲ್ಲ. 2013ರ ಕಾಯ್ದೆ ಪ್ರಕಾರ 10 ಜನ ಅಥವಾ ಅದಕ್ಕಿಂತ ಹೆಚ್ಚು ಇದ್ದಲ್ಲಿ ಆಂತರಿಕ ಸಮಿತಿ ಇರ್ಲೇಬೇಕು, ಘಟನೆ ಆಗಿ 3 ತಿಂಗಳೊಳಗೆ ದೂರು ಕೊಡ್ಬೇಕು. ಸಮಿತಿಯಲ್ಲಿ ಯಾರ್ಯಾರಿದ್ದಾರೆ, ಫೋನ್ ನಂಬರ್ ಎಂತ, ಇಷ್ಟನ್ನು ಆ್ಯಪಲ್ಲಿ ಹಾಕ್ಲಿಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಸಂಬಳದ ಸ್ಲಿಪ್ ಬಗ್ಗೆ ಹೇಳಿದ್ರಲ್ಲ. ಕಟ್ ಆದದ್ದು ಎಲ್ಲಿಗೆ ಹೋಯ್ತು ಅಂತ ಕನ್ನಡದಲ್ಲಿ ಬರೀರಿ. ಪಿಎಫ್‌ಗೆ ನಿನ್ನ ಕೈಯಿಂದ 12%, ಇಎಸ್‌ಐಗೆ (ಕಾರ್ಮಿಕರ ಆಸ್ಪತ್ರೆ ವಿಮೆ) ನಿನ್ನದು 0.75%, ಕಂಪನಿ ಕೊಡುದು 3.25%. ತಿಂಗಳಿಗೆ 21,000 ರೂಪಾಯಿ ವರೆಗೆ ಸಂಬಳ ಇದ್ದವ್ರಿಗೆ ಇಎಸ್‌ಐ ಉಂಟು. ಸ್ಲಿಪ್ಪಲ್ಲಿ ಕಟ್ ಅಂತ ತೋರಿಸಿ ಖಾತೆಗೆ ಕಟ್ಟದೆ ಕೂತವ್ರನ್ನು ನಾನು ನೋಡಿದ್ದೇನೆ, ಹಾಗಾಗಿ ನೌಕರ ಆ್ಯಪನ್ನೇ ನಂಬಿ ಕೂರ್ಬಾರ್ದು, ಸರ್ಕಾರದ ಉಮಂಗ್ ಆ್ಯಪಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ತಾಳೆ ನೋಡ್ಬೇಕು. ಓಟಿ ಮಾಡಿದ ಗಂಟೆಯೂ ಸ್ಲಿಪ್ಪಲ್ಲಿ ಬರ್ಬೇಕು, ಓಟಿಗೆ ಎರಡರಷ್ಟು ಕೂಲಿ ಅನ್ನುದು 1948ರ ಫ್ಯಾಕ್ಟರಿ ಕಾಯ್ದೆಯಿಂದ್ಲೂ ಇದ್ದದ್ದು, 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೂ ಹಾಗೇ ಉಂಟು.

ಫೋಟೋ, ಲೊಕೇಶನ್, ಮುಖ ಎಲ್ಲ ತಗೊಳ್ತಾರಲ್ಲ, ಕೆಲಸ ಬಿಟ್ಟ ಮೇಲೆ ಅದೆಲ್ಲ ಎಲ್ಲಿ ಹೋಗ್ತದೆ? 2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆ ಬಂತು, ನಿಯಮ 2025ರ ನವೆಂಬರಲ್ಲಿ ಪ್ರಕಟ ಆಯ್ತು, ಹಂತ ಹಂತವಾಗಿ ಜಾರಿಗೆ ಬರ್ತಾ ಉಂಟು. ಪಟ್ಟಿಯಲ್ಲಿ ಈ ಪ್ರಶ್ನೆಯೂ ಇರ್ಲಿ, ತಮ್ಮ.


ನೋಟಿಸ್ ಬೋರ್ಡ್

ಇಷ್ಟೆಲ್ಲ ಯಾಕೆ ಮಾರಾಯ್ರೆ, ಒಂದು ವಾಟ್ಸ್ಆ್ಯಪ್ ಗ್ರೂಪ್ ಸಾಕು. ಅಜ್ಜಿಗೂ ಬರ್ತದೆ, ವಾಯ್ಸ್ ಕಳಿಸ್ಬಹುದು, ಟ್ರೈನಿಂಗೂ ಬೇಡ. ಆ್ಯಪ್ ಅಂದ್ರೆ ಪಾಸ್‌ವರ್ಡ್ ಮರ್ತುಹೋಗುದು, ಓಟಿಪಿ ಬರುದಿಲ್ಲ, ಅಪ್‌ಡೇಟ್ ಮಾಡು ಅಂತ ಪಿರಿಪಿರಿ.


ನೈಟ್ ಡ್ಯೂಟಿ

ಗ್ರೂಪಿಗೆ ಸೇರಿದ ಕೂಡ್ಲೆ ನಮ್ಮ ನಂಬರ್ ಇನ್ನೂರು ಜನಕ್ಕೆ ಕಾಣ್ತದೆ ಅಣ್ಣ. ನಮ್ಮ ಹೊಸ ಹುಡುಗಿಗೆ ಒಂದು ವಾರದಲ್ಲಿ ಯಾರ್ಯಾರೋ ಹಾಯ್ ಹಾಯ್ ಅಂತ ಕಳಿಸ್ಲಿಕ್ಕೆ ಶುರು. ಮತ್ತೆ ಗ್ರೂಪಲ್ಲಿ ಡ್ಯೂಟಿ ಲಿಸ್ಟ್ ಹಾಕಿದ್ರೆ ಅದ್ರ ಮೇಲೆ ನಲ್ವತ್ತು ಗುಡ್ ನೈಟ್ ಹೂವು ಬಿದ್ದು ಲಿಸ್ಟ್ ಎಲ್ಲಿ ಅಂತ ಹುಡುಕ್ಬೇಕು.


ನೋಟಿಸ್ ಬೋರ್ಡ್

ಆ ನಂಬರಿನ ಮಾತು ಒಪ್ಪಿದೆ ಸಿಸ್ಟರ್. ಹೂವಿನದ್ದು ಕೂಡ 🙏 ನಾನೂ ಹಾಕ್ತೇನೆ.


ಸಿಪ್ಪೆ ಸುಲಿಯುವವಳು

ವಾಯ್ಸ್ ಅಂದ್ರಲ್ಲ, ಅದು ಮಾತ್ರ ಬೇಕು. ನಮ್ಮಲ್ಲಿ ಹೆಚ್ಚಿನವ್ರಿಗೆ ಮಾತಾಡ್ಲಿಕ್ಕೆ ತುಳು, ಓದ್ಲಿಕ್ಕೆ ಕನ್ನಡ. ಓದುದು ನಿಧಾನ. ಒತ್ತಿದ್ರೆ ತುಳುವಿನಲ್ಲಿ ಹೇಳ್ಬೇಕು, "ಎಲ್ಲೆ ಬೇಲೆ ಇಜ್ಜಿ" (ನಾಳೆ ಕೆಲಸ ಇಲ್ಲ) ಅಂತ ಎರಡು ಸೆಕೆಂಡ್, ಮುಗೀತು.


ಕೋಡ್ ಕುಟ್ಟುವವ

ಅಕ್ಕ ಹೇಳಿದ್ದು ಭಾರೀ ಸುಲಭ, ಇಪ್ಪತ್ತು ಮೂವತ್ತು ವಾಕ್ಯ ಅಲ್ಲಿಯವ್ರದ್ದೇ ಸ್ವರದಲ್ಲಿ ರೆಕಾರ್ಡ್ ಮಾಡಿಟ್ಟರೆ ಆಯ್ತು. (ತುಳು ಲಿಪಿಯೂ 2024ರಲ್ಲಿ ಯುನಿಕೋಡಿಗೆ, ಅಂದ್ರೆ ಕಂಪ್ಯೂಟರಿನ ಅಕ್ಷರಗಳ ಪಟ್ಟಿಗೆ, ಸೇರಿದೆ, ಖುಷಿ ವಿಷಯ, ಆದ್ರೆ ಫ್ಯಾಕ್ಟರಿಯ ಆ್ಯಪಿಗೆ ಈಗ ಬೇಕಾದ್ದು ಲಿಪಿ ಅಲ್ಲ, ಸ್ವರ.) ಗಮ್‌ಬೂಟ್ ಅಣ್ಣ, ನಿಮ್ಮಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂನ ಹುಡುಗರು ಇರ್ಬೇಕಲ್ಲ, ಅವ್ರಿಗೆ?


ಗಮ್‌ಬೂಟ್

ಇದ್ದಾರೆ, ಹಾಸ್ಟೆಲಲ್ಲಿ. ಅವ್ರ ಹತ್ರ ಹೋಗಿ ಕೇಳಿದೆ ನಿನ್ನೆ. ನಾನು ಎಣಿಸಿದ್ದು ಭಾಷೆಯ ಸಮಸ್ಯೆ ಹೇಳ್ತಾರೆ ಅಂತ. ಅವ್ರು ಕೇಳಿದ್ದು ಬೇರೆಯೇ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಟ್ರಾಲ್ ಬೋಟಿಗೆ ರಜೆ ಅಲ್ವಾ, ಮೀನು ಬರುದಿಲ್ಲ, ನಮ್ಮಲ್ಲಿ ಕೆಲಸ ಅರ್ಧ. ಯಾರನ್ನು ಇಟ್ಕೊಳ್ತಾರೆ, ಯಾರು ಊರಿಗೆ ಹೋಗ್ಬೇಕು ಅಂತ ಮೇ ಕಡೇ ವಾರ ಹೇಳುದು. ಅಷ್ಟೊತ್ತಿಗೆ ರೈಲಲ್ಲಿ ಟಿಕೆಟ್ ಎಲ್ಲಿ ಸಿಗ್ತದೆ. "ಭಯ್ಯಾ, ಎರಡು ತಿಂಗಳು ಮೊದ್ಲು ಆ್ಯಪಲ್ಲಿ ಹಾಕಿ, ಬೇರೆ ಎಂತದೂ ಬೇಡ" ಅಂದ. ಬೋಟಿನ ರಜೆ ಪ್ರತಿ ವರ್ಷ ಅದೇ ತಾರೀಕಿಗೆ ಬರ್ತದೆ, ಇಷ್ಟು ವರ್ಷ ನನಗೂ ಇದು ಹೊಳೀಲಿಲ್ಲ, ನಾಚಿಕೆ ಆಯ್ತು.

ಸೋಮವಾರ ಮೀಟಿಂಗ್. ಪಟ್ಟಿ ಓದ್ತೇನೆ, ಬಂದು ಹೇಳ್ತೇನೆ.


ಕುಂದಾಪ್ರದ್ ಸೇಲ್ಸ್

ಸೆಲ್ಫಿ ಕಾಂಪಿಟೇಶನಿಗೆ ಬೊಂಡಾಸ್ ಹಿಡ್ಕಂಡ್ ನಿಂತದ್ ಒಂದ್ ಫೋಟೋ ಹಾಕಿ ಅಣ್ಣ, ಗ್ಯಾರಂಟಿ ಫಸ್ಟ್.


ಗಮ್‌ಬೂಟ್

ಮೀಟಿಂಗ್ ಆಯ್ತು. ಮೂರು ಗಂಟೆ. ಚಾ ಎರಡು ಸಲ ಬಂತು, ಗೋಳಿಬಜೆ ಒಂದು ಸಲ.

ರಜೆ ಅರ್ಜಿಗೆ ಎರಡು ದಿನದಲ್ಲಿ ಉತ್ತರ ಬರದಿದ್ರೆ ತಾನಾಗಿ ಮೇಲಿನವ್ರಿಗೆ ಹೋಗುದಕ್ಕೆ ಒಪ್ಪಿದ್ರು. ಉತ್ತರ ಬರದಿದ್ರೆ ಮಂಜೂರು ಅಂತ್ಲೇ ಇಡಿ ಅಂದೆ, ಅದಕ್ಕೆ ಒಪ್ಲಿಲ್ಲ. ಗೇಟಲ್ಲಿ ಟ್ಯಾಬ್ ಇಡ್ತಾರೆ. ಟ್ರೇ ಲೆಕ್ಕ ಆಗಾಗ್ಲೇ ತೋರಿಸುದಕ್ಕೆ ಮ್ಯಾನೇಜರ್ ಮುಖ ಸಣ್ಣ ಮಾಡಿದ್ರು, "ದಿನಾ ಜಗಳ ಆಗ್ತದೆ" ಅಂತ. ನಾನು ಕಾರ್ಕಳದ ಅಕ್ಕ ಹೇಳಿದ್ದೇ ಹೇಳಿದೆ, ದಿನದ ಜಗಳ ಸಣ್ಣದು ಸರ್, ತಿಂಗಳ ಜಗಳ ದೊಡ್ಡದು ಅಂತ. ಅಕೌಂಟ್ಸಿನವ್ರು ನನ್ನ ಪರ ಬಂದ್ರು, ಯಾಕಂದ್ರೆ ತಿಂಗಳ ಕಡೆಗೆ ಬೈಗುಳ ತಿನ್ನುದು ಅವ್ರು. ಒಂದು ಸೆಕ್ಷನಲ್ಲಿ ಮಾಡಿ ನೋಡುದು ಅಂತ ಆಯ್ತು. ಬೋಟಿನ ರಜೆಯ ಪಟ್ಟಿ ಏಪ್ರಿಲಲ್ಲೇ ಹಾಕ್ತಾರಂತೆ. ಓಟಿ ಗಂಟೆ ಸ್ಲಿಪ್ಪಲ್ಲಿ ಹಾಕುದು ಅಂದ ಕೂಡ್ಲೆ ಎಲ್ರೂ ಫೋನ್ ನೋಡ್ಲಿಕ್ಕೆ ಶುರು, "ಮುಂದಿನ ಹಂತದಲ್ಲಿ" ಅಂದ್ರು. ಹಂಚಿನ ಮನೆ ಸರ್, ನಿಮಗೆ ಅರ್ಥ ಆಗಿರ್ಬಹುದು. ಕೆಲಸ ಬಿಟ್ಟವ್ರ ಫೋಟೋದ ಪ್ರಶ್ನೆ ಬರ್ಕೊಂಡ್ರು, ಉತ್ತರ ಕೊಡ್ಲಿಲ್ಲ. ಕ್ವಿಜ್ ಉಳೀತು. ಸೆಲ್ಫಿಯೂ ಉಳೀತು.


ಹಂಚಿನ ಮನೆ

ಅರ್ಥ ಆಯ್ತು. ಓಟಿಯದ್ದು ಬಾಯಲ್ಲಿ ಬಿಡ್ಬೇಡ, ಬರವಣಿಗೆಯಲ್ಲಿ ಕೊಡು, ಒಬ್ನೇ ಸಹಿ ಹಾಕ್ಬೇಡ, ನಲ್ವತ್ತು ಜನರದ್ದು ಹಾಕಿಸು.


ಗಮ್‌ಬೂಟ್

ಆಯ್ತು ಸರ್. ಅಂದ ಹಾಗೆ ಟೆಸ್ಟಿಂಗಿಗೆ ಹೊಸ ಆ್ಯಪ್ ಕೊಟ್ಟಿದ್ದಾರೆ, ಸ್ಲಿಪ್ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರ್ತದೆ. ಮೊದ್ಲು ಆ ಬೊಂಡಾಸ್ ಅಕ್ಕನ ಫೋನಿಗೇ ಹಾಕುವ ಅಂತ ಹೋದೆ. ಸ್ಟೋರೇಜ್ ಫುಲ್. ಎಂತಾದ್ರೂ ಡಿಲೀಟ್ ಮಾಡ್ಬಹುದಾ ಅಂತ ನೋಡಿದ್ರೆ ಇಡೀ ಫೋನಲ್ಲಿ ಮೊಮ್ಮಗಳ ವಿಡಿಯೋ ಮತ್ತೆ ಕೋಲದ ವಿಡಿಯೋ, ಎರಡಕ್ಕೂ ಕೈ ಹಾಕ್ಲಿಕ್ಕೆ ಬಿಡ್ಲಿಲ್ಲ.


ಕೋಡ್ ಕುಟ್ಟುವವ

ಆ್ಯಪ್ ಎಷ್ಟು ಎಂಬಿ ಉಂಟು ನೋಡಿ ಹೇಳಿ.


ಗಮ್‌ಬೂಟ್

212.


ಕೋಡ್ ಕುಟ್ಟುವವ

ಹಾಜರಿ ರಜೆ ಸ್ಲಿಪ್ಪಿಗೆ 20 ಎಂಬಿ ಧಾರಾಳ ಸಾಕು. ಒಳಗೆ ಎಂತ ತುಂಬಿಸಿದ್ದಾರೆ?


ಗಮ್‌ಬೂಟ್

ಓಪನ್ ಮಾಡಿದ್ರೆ ಮೊದ್ಲು ಎಂಡಿಯವ್ರು ಸ್ವಾಗತ ಮಾಡುವ ವಿಡಿಯೋ ಬರ್ತದೆ, ಡ್ರೋನಲ್ಲಿ ತೆಗೆದದ್ದು, ನಾಲ್ಕು ನಿಮಿಷ.


ಎಚ್‌ಆರ್ ಅಂತ ಬೈಬೇಡಿ

ಅದನ್ನು ತೆಗೆಸಿ ಅಣ್ಣ.


ಗಮ್‌ಬೂಟ್

ತೆಗೆಸ್ಬಹುದು. ಹೇಳುದು ಯಾರು?